ನೆವಿಲ್ ಥಾರ್ಪನ ಸೈಡ್ ಪರದೆಗಳು

ಮಗಳ ಮದುವೆಯ ದಿನ ಬೆಳಗ್ಗೆ ಹಿತ್ತಿಲಿಗೆ ಬಂದ ನೆವಿಲ್ ಥಾರ್ಪನ ಬೋಳುತಲೆಯ ನಟ್ಟನಡುವೆ ಒಂದು ಮಳೆಹನಿ ಬಿತ್ತು. ಡರ್ಬಿ ಸೀಮೆಯಲ್ಲಿ ಜೂನ್ ತಿಂಗಳ ಮಳೆ ಏನೂ ವಿಶೇಷವಲ್ಲ. ಆದರೂ ನೆವಿಲ್ ಕೋರ್ಟಿನ ಸಮನ್ಸ್ ಬಂದವನಂತೆ ಬೆಚ್ಚಿ ಗ್ಯಾರೇಜಿನ ಕಡೆ ನೋಡಿದ.

ಗ್ಯಾರೇಜಿನಲ್ಲಿ ಅವನ ಕಾರಿತ್ತು. ಹೆಂಡತಿ ಮೇರಿಯನ್ ಅವನನ್ನು ಬಿಟ್ಟು ಹಲ್ಲಿನ ಡಾಕ್ಟರು ಕ್ಲೈವನನ್ನು ಕಟ್ಟಿಕೊಂಡ ವರ್ಷವೇ ನೆವಿಲ್ ಆ ಕಾರಿನ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿಕೊಂಡಿದ್ದ. ಅಂಥ ಹೊತ್ತಿನಲ್ಲಿ ಬೇರೆಯವರು ಕುಡಿಯುತ್ತಾರೆ, ಇವನು ಬೋಲ್ಟು ಬಿಗಿದ. ವರ್ಷಗಟ್ಟಲೆ ಬಿಗಿದ ಮೇಲೆ ಅದು ಹಸಿರು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿರುವ ಚೆಂದದ ಕಾರಾಯಿತು. ಮೇಲೆ ಮಡಚುವ ಟಾಪು ಇತ್ತು. ಬಾಗಿಲು ಮಾತ್ರ ಇರಲಿಲ್ಲ. ಬಾಗಿಲಿನ ಜಾಗಕ್ಕೆ ಸೈಡ್ ಪರದೆ ಬೇಕು: ಕಬ್ಬಿಣದ ಸರಳಿನ ಚೌಕಟ್ಟು, ಅದಕ್ಕೆ ರೆಕ್ಸಿನ್, ನಡುವೆ ಹೊರಗೆ ಕಾಣುವಂತೆ ಪಾರದರ್ಶಕ ಪ್ಲಾಸ್ಟಿಕ್ಕು. ಅಂಗಡಿಯದು ಬೇಡ, ನಾನೇ ಮಾಡುತ್ತೇನೆ ಎಂದು ನೆವಿಲ್ ಹಟ ಹಿಡಿದಿದ್ದ. ಬಲಗಡೆಯದು ಮುಗಿದಿತ್ತು. ಎಡಗಡೆಯದು, ಅಂದರೆ ಮದುಮಗಳು ಕೂರುವ ಕಡೆಯದು, ಇನ್ನೂ ಮೇಜಿನ ಮೇಲೆ ಸುಲಿದ ಮೇಕೆಯ ಹಾಗೆ ಬಿದ್ದಿತ್ತು.

“ಪಕ್ಕ ಎರಡೂ ಮುಚ್ಚಿದ್ರೆ ನಿನ್ನ ಕಾರಲ್ಲೇ ಬರ್ತೀನಪ್ಪಾ. ಇಲ್ದಿದ್ರೆ ಚರ್ಚ್ ಹತ್ರ ಇಳಿಯೋ ಹೊತ್ತಿಗೆ ನನ್ನ ತಲೆ ಕಾಗೆಗೂಡಾಗಿರತ್ತೆ,” ಎಂದಿದ್ದಳು ಮಗಳು ಹೇಝೆಲ್.

ನೆವಿಲನಿಗೆ ಅಷ್ಟೇ ಸಾಕಾಗಿತ್ತು. ಹೆಂಡತಿ, ಪಿಯಾನೊ, ಭಾನುವಾರದ ಊಟ, ಕೊನೆಗೆ ನಾಯಿ ಕೂಡ ಕ್ಲೈವನ ಪಾಲಾಗಿದ್ದವು. ಮಗಳನ್ನು ಚರ್ಚಿಗೆ ಕರೆತಂದು, ತೋಳು ಹಿಡಿದು ಒಳಗೆ ನಡೆಸಿ, ಅಳಿಯನಿಗೆ ಒಪ್ಪಿಸುವುದೊಂದು ತನಗೆ ಉಳಿದಿದೆ. ಆ ಬಗ್ಗೆ ಅವನು ಯಾರನ್ನೂ ಕೇಳಿರಲಿಲ್ಲ, ಯಾರೂ ಅವನಿಗೆ ಹೇಳಿರಲಿಲ್ಲ. ಅಪ್ಪ ಅಂದಮೇಲೆ ಕೇಳುವುದೇನು?

ಮದುವೆ ಮಧ್ಯಾಹ್ನಕ್ಕೆ. ಆಮೇಲೆ ಪುರುಸೊತ್ತು ಸಿಗಲಾರದೆಂದು ಅವನು ಬೆಳಗ್ಗೆಯೇ ಮದುವೆಯ ಸೂಟು ತೊಟ್ಟು, ಮೇಲೊಂದು ಹಳೆಯ ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ಕೂತ. ಗ್ಯಾರೇಜಿನ ಬಾಗಿಲು ತೆರೆದದ್ದೇ ತಪ್ಪಾಯಿತು. ಎಡಗಡೆ ಮನೆಯಿಂದ ಬೆರಿಲ್ ಬಂದಳು, ಬಲಗಡೆ ಮನೆಯಿಂದ ರೆಜ್ ಬಂದ. ಬೆರಿಲ್ ವಯಸ್ಸಾದ ವಿಧವೆ, ಊರಿನವರನ್ನೆಲ್ಲ ಪ್ರೀತಿಯಿಂದ ‘ಬಾತು’ ಎಂದು ಕರೆಯುವವಳು. ರೆಜ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಡಿಪೋದವರು ಅವನನ್ನು ಬಿಟ್ಟಿದ್ದರು, ಅವನು ಸಲಹೆ ಕೊಡುವುದನ್ನು ಬಿಟ್ಟಿರಲಿಲ್ಲ.

“ಈ ಪ್ಲಾಸ್ಟಿಕ್ಕು ಚಳಿಗೆ ಸೆಟೆದುಕೊಂಡಿದೆ ಕಣೋ. ಹಿಂಗೇ ಹೊಲಿದ್ರೆ ಸೀಳತ್ತೆ,” ಎಂದ ರೆಜ್.

“ನನ್ನ ಓವನ್ ಬಿಸಿ ಇದೆ ಬಾತು, ಕಡುಬಿಟ್ಟಿದ್ದೀನಿ. ಒಂದ್ನಿಮಿಷ ಅದರೊಳಗಿಟ್ರೆ ಬೆಣ್ಣೆ ಆಗತ್ತೆ!” ಎಂದಳು ಬೆರಿಲ್. ನೆವಿಲ್ ಬೇಡ ಎನ್ನುವಷ್ಟರಲ್ಲಿ ಹಾಳೆಯನ್ನು ಸುತ್ತಿಕೊಂಡು ಹೊರಟೇಬಿಟ್ಟಳು.

ಅವಳು ತಿರುಗಿ ಬಂದಾಗ ಕೈಯಲ್ಲಿ ಕರಿದ ಹಪ್ಪಳದಂಥದ್ದೇನೋ ಇತ್ತು. ಅಂಚಿಗೆ ಮಾಂಸದ ಕಡುಬಿನ ಚೂರು ಅಂಟಿತ್ತು.

“ಸ್ವಲ್ಪ ಜಾಸ್ತಿ ಆಯ್ತೇನೋ,” ಎಂದಳು.

ನೆವಿಲ್ ಅದನ್ನು ಬೆಳಕಿಗೆ ಹಿಡಿದು ನೋಡಿದ, ಆ ಕಡೆಯದೇನೂ ಕಾಣಲಿಲ್ಲ. ಬೆರಿಲ್ ಪಾಪಪ್ರಜ್ಞೆಯಿಂದ ಓಡಿಹೋಗಿ ತನ್ನ ಊಟದ ಮೇಜಿಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನೇ ಎಳೆದು ತಂದಳು. ಅದು ತೆಳು, ಜೋಲು, ಮೈತುಂಬ ಚಹಾ ಲೋಟದ ಉಂಗುರಗಳು. ಬೇರೆ ದಾರಿ ಇರಲಿಲ್ಲ. ಅವಳ ಹೊಲಿಗೆ ಯಂತ್ರವನ್ನೂ ಹೊತ್ತು ತಂದದ್ದಾಯಿತು. ನೆವಿಲ್ ರೆಕ್ಸಿನ್ನನ್ನು ಹಿಡಿದ, ಬೆರಿಲ್ ಹೊಲಿದಳು, ರೆಜ್ ನಿಂತಲ್ಲೇ ಅಪ್ಪಣೆ ಕೊಟ್ಟ. ಕಡೆಯ ಅಂಚು ಮುಗಿದು ನೆವಿಲ್ ಕೈ ಎತ್ತಿದರೆ ಪರದೆಯೂ ಜೊತೆಗೆ ಎದ್ದಿತು. ಕೋಟಿನ ತೋಳೂ ಸೇರಿ ಹೊಲಿಗೆ ಬಿದ್ದಿತ್ತು.

“ಅಲ್ಲಾಡಬೇಡ ಬಾತು,” ಎಂದು ಬೆರಿಲ್ ಕತ್ತರಿ ಹಾಕಿದಳು. ಪರದೆ ಉಳಿಯಿತು, ಕೋಟಿನ ಗುಂಡಿ ಹೋಯಿತು.

ಪರದೆಗಳನ್ನು ಕಾರಿಗೆ ಕೂರಿಸಿದಾಗ ರೆಜ್ ಕಣ್ಣು ಕಿರಿದು ಮಾಡಿ, “ಇದೇನಿದು ಕಂಡಿ?” ಎಂದ.

“ಕೈ ತೂರಿಸೋಕೆ. ಚಿಲಕ ಹೊರಗಡೆ ಇದೆಯಲ್ಲ. ಒಳಗೆ ಕೂತೋನು ಇದರಿಂದ ಕೈ ಚಾಚಿ ತೆಗೀಬೇಕು.”

“ಮಳೆ ನೀರೂ ಅದರಿಂದಲೇ ಕೈ ಚಾಚತ್ತೆ. ಮಗಳ ಬಿಳಿ ಗೌನಿನ ಮೇಲೆ ಸುರಿಯತ್ತೆ. ಹೊಲಿದು ಮುಚ್ಚು.”

“ಆಮೇಲೆ ಇಳಿಯೋದು ಹೆಂಗೆ?”

“ಯಾರಾದ್ರೂ ಹೊರಗಿಂದ ತೆಗೀತಾರೆ. ಮದುವೆಮನೇಲಿ ಜನಕ್ಕೆ ಬರವೇನೋ?”

ಮಳೆ ಆಗಲೇ ಜೋರಾಗಿತ್ತು. ನೆವಿಲ್ ಎರಡು ಪರದೆಗಳ ಕಂಡಿಯನ್ನೂ ಮುಚ್ಚಿ, ಮೇಲೆ ರೆಕ್ಸಿನ್ ತುಂಡು ಇಟ್ಟು ಗೋಂದು ಮೆತ್ತಿದ. ಸೊಂಟ ಮಡಚಿ, ಮೊಣಕಾಲು ಗದ್ದಕ್ಕೆ ತಾಗಿಸಿ ಕಾರಿನೊಳಗೆ ಇಳಿದ. ರೆಜ್ ಹೊರಗಿನಿಂದ ಚಿಲಕಗಳನ್ನು ತಿರುಗಿಸಿ, ಟಾಪಿನ ಟಿಚ್ ಬಟನ್ನುಗಳನ್ನೆಲ್ಲ ಒತ್ತಿ, ಶವಪೆಟ್ಟಿಗೆಯ ಮೇಲೆ ತಟ್ಟಿದಂತೆ ಎರಡು ಸಲ ತಟ್ಟಿ ಕಳಿಸಿದ.

ಹೇಝೆಲ್ ತನ್ನ ಬಾಡಿಗೆ ಮನೆಯ ಮುಂದೆ ಛತ್ರಿ ಹಿಡಿದ ಗೆಳತಿಯರ ನಡುವೆ ನಿಂತಿದ್ದಳು. ಅವಳನ್ನು ಕಂಡು ನೆವಿಲನಿಗೆ ಬೆಳಗಿನ ಸಂಕಟವೆಲ್ಲ ಮರೆತುಹೋಯಿತು. ಗೆಳತಿಯರು ಗೌನನ್ನು ಮಡಚಿ ಮಡಚಿ ತುರುಕಿ, ಅವಳನ್ನು ಒಳಗೆ ಕೂರಿಸಿ ಚಿಲಕ ಹಾಕಿದರು.

“ಅಪ್ಪಾ, ಒಂದು ಹನೀನೂ ಬರ್ತಾ ಇಲ್ಲ! ನಿಜವಾಗ್ಲೂ ನೀನೇ ಮಾಡಿದ್ದಾ?”

“ಇನ್ಯಾರು ಮಾಡ್ತಾರೆ?” ಎಂದ ನೆವಿಲ್. ಬೆರಿಲಳ ಹೆಸರು ಹೇಳಬೇಕೆನಿಸಲಿಲ್ಲ.

ಕಾರು ವೇಗ ಹಿಡಿದ ಕೂಡಲೇ ಬೆರಿಲಳ ಮೇಜಿನ ಹಾಳೆ ತನ್ನ ಗುಣ ತೋರಿಸಿತು. ಜೋಲು ಪ್ಲಾಸ್ಟಿಕ್ಕಿಗೆ ಗಾಳಿ ಹೊಡೆದು ತಮಟೆಯ ಹಾಗೆ ಬಡಿದುಕೊಳ್ಳತೊಡಗಿತು. ಮೇಲೆ ಟಾಪಿನ ಮೇಲೆ ಮಳೆ, ಕಾಲ ಕೆಳಗೆ ಎಂಜಿನ್ನು. ಆ ಗದ್ದಲದ ನಡುವೆ ಹೇಝೆಲ್ ಏನೋ ಹೇಳಲು ಶುರುಮಾಡಿದಳು. ಕೈಯಲ್ಲಿದ್ದ ಹೂಗುಚ್ಛವನ್ನು ತಿರುವುತ್ತ, ಒಮ್ಮೆ ಅವನ ಕಡೆ ನೋಡಿ ಒಮ್ಮೆ ರಸ್ತೆ ನೋಡಿ ಮಾತಾಡಿದಳು. ನೆವಿಲನಿಗೆ ಕೇಳಿಸಿದ್ದು ಚೂರುಪಾರು.

“...ಕ್ಲೈವ್... ತುಂಬಾ ದಿನದಿಂದ... ನಿನಗೆ ಬೇಜಾರಿಲ್ಲ ತಾನೆ?”

ಕ್ಲೈವ್ ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಅದಕ್ಕೆ ಕೇಳುತ್ತಿದ್ದಾಳೆ ಅಂದುಕೊಂಡ ನೆವಿಲ್. ಕೂರಲಿ. ಇವತ್ತಿನ ದಿನ ಎಲ್ಲಿ ಬೇಕಾದರೂ ಕೂರಲಿ, ನಡೆಯುವವನು ತಾನು.

“ಹೂಂ!” ಎಂದು ಕೂಗಿದ.

ಅವಳು ಮತ್ತೇನೋ ಕೇಳಿದಳು. “ಹೂಂ ಹೂಂ!” ಎಂದ, ನಕ್ಕು ತಲೆಯಾಡಿಸಿದ. ಹೇಝೆಲಳ ಕಣ್ಣು ತುಂಬಿಬಂತು. ಬಗ್ಗಿ ಅವನ ಕೆನ್ನೆಗೆ ಮುತ್ತಿಟ್ಟಳು. ಎಷ್ಟೋ ವರ್ಷಗಳ ಮೇಲೆ ಸಿಕ್ಕ ಮುತ್ತು. ನೆವಿಲ್ ಕಾರನ್ನು ಹೂವಿನ ಬುಟ್ಟಿಯಂತೆ ಚರ್ಚಿನ ಮುಂದೆ ತಂದು ನಿಲ್ಲಿಸಿದ.

ದೊಡ್ಡ ಛತ್ರಿ ಹಿಡಿದು ಕ್ಲೈವನೇ ಓಡಿಬಂದ. ಎಡಗಡೆಯ ಪರದೆ ತೆರೆದು ಹೇಝೆಲಳನ್ನು ಜೋಪಾನವಾಗಿ ಇಳಿಸಿಕೊಂಡ. ಸಭ್ಯ ಮನುಷ್ಯ. ಕಾರಿನ ಒಳಗೆ ನೀರು ಬೀಳಬಾರದೆಂದು ಪರದೆಯನ್ನು ಮತ್ತೆ ಮುಚ್ಚಿ ಚಿಲಕ ತಿರುಗಿಸಿದ.

“ಕ್ಲೈವ್! ಈ ಕಡೆದೂ ತೆಗಿ!” ಎಂದ ನೆವಿಲ್.

ಮಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವನು ಪರದೆಯನ್ನು ಗುದ್ದಿದ. ಬೆಳಗಿನಿಂದ ಹೊಲಿದದ್ದು, ಅಂಟಿಸಿದ್ದು ಒಂದೂ ಜಗ್ಗಲಿಲ್ಲ. ಜೇಬಿನ ಚಾಕು ಮನೆಯಲ್ಲಿ ಹಳೆಯ ಪ್ಯಾಂಟಿನೊಳಗಿತ್ತು. ಒದೆಯೋಣವೆಂದರೆ ಕಾಲು ಬೀಸಲು ಜಾಗವಿಲ್ಲ. ಕೈಯೆತ್ತಿ ಪ್ಲಾಸ್ಟಿಕ್ಕನ್ನು ಬಡಿದ. ಹೇಝೆಲ್ ತಿರುಗಿ ನೋಡಿ, ಅಪ್ಪ ಹರಸುತ್ತಿದ್ದಾನೆಂದು ತಿಳಿದು ತಾನೂ ಕೈ ಬೀಸಿದಳು. ಹಾರ್ನ್ ಒತ್ತಿದರೆ ಮೆಟ್ಟಿಲ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಒಳಗಿದ್ದ ಆರ್ಗನ್ನಿನವನು ಅದನ್ನೇ ಸನ್ನೆ ಅಂದುಕೊಂಡು ನುಡಿಸಲು ಶುರುಮಾಡಿದ.

ಚಹಾ ಲೋಟದ ಒಂದು ಉಂಗುರದೊಳಗೆ ಕಣ್ಣಿಟ್ಟು ನೆವಿಲ್ ನೋಡಿದ. ಕ್ಲೈವ್ ತೋಳು ಚಾಚಿದ, ಹೇಝೆಲ್ ಹಿಡಿದುಕೊಂಡಳು, ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು.

ಪಾಪ, ಅವಳಾದರೂ ಏನು ಮಾಡಿಯಾಳು? ಅಪ್ಪ ಬರಲಿಲ್ಲ, ಸಂಗೀತ ಶುರುವಾಯಿತು, ಕೈಗೆ ಸಿಕ್ಕವನ ತೋಳು ಹಿಡಿದಳು. ಎಲ್ಲ ಈ ದರಿದ್ರ ಚಿಲಕದಿಂದ ಎಂದು ನೆವಿಲ್ ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡ. ಒಳಗಿನಿಂದ ಹಾಡು ಕೇಳಿಸಿತು, ಆಮೇಲೆ ಪಾದ್ರಿಯ ದನಿ, ಆಮೇಲೆ ಇನ್ನೊಂದು ಹಾಡು. ಅವನ ಉಸಿರಿನ ಹಬೆಗೆ ಪ್ಲಾಸ್ಟಿಕ್ಕು ಮಂಜಾಗಿ ಚರ್ಚೂ ಕಾಣದಾಯಿತು.

ಪೈಪು ಸೇದಲು ಹೊರಬಂದ ರೆಜ್ ಹಬೆಯ ಹಿಂದೆ ಮಸುಕಾಗಿ ಅಲ್ಲಾಡುತ್ತಿದ್ದ ತಲೆಯನ್ನು ಕಂಡು ಹತ್ತಿರ ಬಂದ. ಚಿಲಕ ತಿರುಗಿಸಿ ಬಗ್ಗಿ ನೋಡಿದ.

“ಏನೋ, ಇನ್ನೂ ಒಳಗೇ ಕೂತಿದ್ದೀಯಾ? ನೀರು ಬಂತಾ?”

“ಇಲ್ಲ.”

“ನಾ ಹೇಳ್ಲಿಲ್ವಾ!” ಎಂದ ರೆಜ್ ಹೆಮ್ಮೆಯಿಂದ.

ನೆವಿಲ್ ಅವನನ್ನು ತಳ್ಳಿಕೊಂಡು ಮರಗಟ್ಟಿದ ಕಾಲುಗಳಲ್ಲಿ ಏಡಿಯಂತೆ ಓಡಿದ. ಮೆಟ್ಟಿಲು ಮುಟ್ಟುವಷ್ಟರಲ್ಲಿ ಗಂಟೆ ಬಾರಿಸಿ, ಬಾಗಿಲು ತೆರೆದು ಜನ ಹೊರಬಂದರು. ಮಗಳ ಕೈ ಹಿಡಿದು ಕ್ಷಮೆ ಕೇಳಬೇಕು, ಸಿಕ್ಕಿಹಾಕಿಕೊಂಡಿದ್ದೆ ತಾಯಿ ಅನ್ನಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದವನ ಎರಡೂ ಕೈಗಳನ್ನು ಕ್ಲೈವ್ ಬಾಚಿ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

“ನೆವಿಲ್, ನಿಮ್ಮಂಥ ದೊಡ್ಡ ಮನಸ್ಸು ನಾನು ಎಲ್ಲೂ ನೋಡಿಲ್ಲ. ಆರು ತಿಂಗಳಿಂದ ನಿಮಗೆ ಹೆಂಗೆ ಹೇಳೋದು ಅಂತ ಅವಳು ಒದ್ದಾಡ್ತಿದ್ಲು. ಕಾರಲ್ಲಿ ಕೇಳಿದ ತಕ್ಷಣ ಒಪ್ಪಿಕೊಂಡ್ರಂತೆ. ಒಂದೇ ಒಂದು ಮಾತೂ ಆಡಲಿಲ್ಲವಂತೆ.”

“ಏನು ಒಪ್ಪಿಕೊಂಡೆ?” ಎಂದು ಕೇಳಲು ನೆವಿಲ್ ಬಾಯಿ ತೆರೆದ. ಅಷ್ಟರಲ್ಲಿ ಅವನಿಗೇ ಅರ್ಥವಾಯಿತು. ಕಾರಿನಲ್ಲಿ ಹೇಝೆಲ್ ಕೇಳಿದ್ದು ಕ್ಲೈವ್ ಕೂರುವ ಸಾಲಿನ ಬಗ್ಗೆ ಅಲ್ಲ, ಅವನ ತೋಳು ಹಿಡಿದು ಒಳಗೆ ನಡೆಯುವ ಬಗ್ಗೆ.

“ಅದೂ ಅಲ್ದೆ ನೀವು ಒಳಗೂ ಬರಲಿಲ್ಲ,” ಎಂದ ಕ್ಲೈವ್ ದನಿ ತಗ್ಗಿಸಿ. “ನನಗೆ ಮುಜುಗರ ಆಗಬಾರದು ಅಂತ ಮಳೇಲೇ ಕೂತುಬಿಟ್ರಿ. ಮೇರಿಯನ್ ಕೂಡ ಅತ್ಲು ಗೊತ್ತಾ?”

ಸುತ್ತ ನಿಂತವರೆಲ್ಲ ನೆವಿಲನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಬೆರಿಲ್ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, “ಬಂಗಾರದಂಥ ಮನುಷ್ಯ ಕಣ್ರೀ ಇವನು,” ಎಂದು ಪಕ್ಕದವಳಿಗೆ ಹೇಳಿದಳು. ಹೇಝೆಲ್ ಗುಂಪನ್ನು ಸೀಳಿಕೊಂಡು ಬಂದು ಅಪ್ಪನ ಕೊರಳಿಗೆ ಜೋತುಬಿದ್ದಳು.

“ಥ್ಯಾಂಕ್ಸ್ ಅಪ್ಪಾ. ಕಾರಲ್ಲಿ ನೀನು ನಿಜವಾಗ್ಲೂ ಮನಸಾರೆ ಹೂಂ ಅಂದೆ ತಾನೆ?”

ಮಳೆ ನಿಂತಿತ್ತು. ಗಾಳಿಯೂ ಇರಲಿಲ್ಲ. ಪ್ರತಿಯೊಂದು ಅಕ್ಷರವೂ ಅವನ ಕಿವಿಗೆ ಸ್ಪಷ್ಟವಾಗಿ ಬಿತ್ತು.

“ಹೂಂ,” ಎಂದ ನೆವಿಲ್.