ತೇವ ಹೀರುವ ಯಂತ್ರವೂ ಸಾವಿರ ಹಪ್ಪಳವೂ

ಮನೆ ಕಟ್ಟಿಸುವಾಗ ನೆಲಮಾಳಿಗೆ ಬೇಕೇ ಬೇಕೆಂದು ಹಟ ಹಿಡಿದವನು ನಾನು. ಗಂಗಾವತಿಯಲ್ಲಿ, ಅದೂ ಹಿತ್ತಲು ದಾಟಿದರೆ ಭತ್ತದ ಗದ್ದೆಗೆ ಕಾಲಿಡುವಂಥ ಓಣಿಯಲ್ಲಿ, ಆ ಧೈರ್ಯ ಇನ್ನಾರಿಗೂ ಬಂದಿರಲಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡು, "ಸರ, ಕಾಲುವಿಗೆ ನೀರು ಬಿಟ್ರ ಕೆಳಗ ಜಿನಗ್ತಾವ್ರಿ" ಎಂದ. ನಾನು ಹೈಸ್ಕೂಲಿನ ಗಣಿತ ಮಾಸ್ತರ. ಘನಫಲದ ಸೂತ್ರ ಹೇಳಿ ಅವನ ಬಾಯಿ ಮುಚ್ಚಿಸಿದೆ. ಸೂತ್ರ ಸರಿಯಾಗಿಯೇ ಇತ್ತು. ನೀರಿಗೆ ಗಣಿತ ಬರುತ್ತಿರಲಿಲ್ಲ.

ಎರಡನೇ ಬೆಳೆಗೆ ಕಾಲುವೆ ತುಂಬಿ ಹರಿಯತೊಡಗಿದ್ದೇ ತಡ, ನೆಲಮಾಳಿಗೆಯ ಗೋಡೆಗಳು ಬೆವರತೊಡಗಿದವು. ಅಲ್ಲಿದ್ದದ್ದು ನನ್ನ ಹಳೆಯ ಪುಸ್ತಕಗಳಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಲ್ಲಿ ಐದು ಡಬ್ಬಿಗಳಲ್ಲಿ ಸಾವಿರ ಹಪ್ಪಳ ಇದ್ದವು. ನನ್ನ ಹೆಂಡತಿ ಶಾಂತಾ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಲಟ್ಟಿಸಿದ ಹಪ್ಪಳ. ಕುಷ್ಟಗಿಯ ಒಂದು ಮದುವೆಗೆ ಅವರಿಗೆ ಸಿಕ್ಕ ಮೊದಲ ದೊಡ್ಡ ಆರ್ಡರು. ಇದು ಕೆಟ್ಟರೆ ಐವರ ಹೆಸರೂ ಕೆಡುತ್ತಿತ್ತು, ಮುಂದೆ ಯಾರೂ ಆರ್ಡರು ಕೊಡುತ್ತಿರಲಿಲ್ಲ. ಮದುವೆಗೆ ಇನ್ನು ಹತ್ತು ದಿನ ಇತ್ತು.

ಶಾಂತಾ ಡಬ್ಬಿಯಿಂದ ಒಂದು ಹಪ್ಪಳ ತೆಗೆದು ನನ್ನ ಮುಂದೆ ಮಡಚಿದಳು. ಮುರಿಯಲಿಲ್ಲ. ಇನ್ನೊಮ್ಮೆ ಮಡಚಿದಳು.

"ಇದನ್ನ ಕರಿಯಾಕ ಆಗಂಗಿಲ್ರಿ. ಕಿಸೆದಾಗ ಇಟ್ಕೊಂಡು ಮುಖ ಒರಸ್ಕೊಬೇಕಷ್ಟ. ಎಲ್ಲಾ ಡಬ್ಬಿ ಮಾಳಿಗಿ ಮ್ಯಾಲ ಒಯ್ದು ಬಿಸಲಿಗೆ ಹಾಕ್ತೀನಿ."

"ಬ್ಯಾಡ" ಎಂದೆ. "ಬಿಸಲು ಹಳೇ ಪದ್ಧತಿ. ಈಗ ತೇವ ಹೀರೋ ಮಷಿನ್ ಬಂದೈತಿ. ಮೂರು ದಿನ ನನಗ ಬಿಡು."

ಶಾಂತಾ ಒಮ್ಮೆ ಹಪ್ಪಳವನ್ನೂ ಒಮ್ಮೆ ನನ್ನನ್ನೂ ನೋಡಿದಳು. "ಮೂರ ದಿನ ನೋಡ್ರಿ" ಎಂದಳು.

ಕೊಪ್ಪಳದ ಅಂಗಡಿಯವನು ಜೀವಮಾನವೆಲ್ಲ ಕೂಲರು ಮಾರಿದವನು. ತೇವ ಹೀರುವ ಯಂತ್ರ ಕೇಳಿದ ಮೊದಲ ಗಿರಾಕಿ ನಾನೇ ಇರಬೇಕು. ಕೋಣೆ ಎಷ್ಟು ದೊಡ್ಡದೆಂದು ಕೇಳಿದ. ಉದ್ದ, ಅಗಲ, ಎತ್ತರ ಹೇಳಿ, ಕೇಳದಿದ್ದರೂ ಕರ್ಣವನ್ನೂ ಹೇಳಿದೆ. ಅವನು ಪುಸ್ತಿಕೆ ಓದಿ ನೋಡಿ ಒಂದು ಯಂತ್ರ ತೋರಿಸಿದ.

"ಇದನ್ನ ತಗೊಳ್ರಿ. ಹೀರಿದ ನೀರು ಪೈಪಿನಾಗ ತಾನ ಹೊರಗ ಹೋಗ್ತಾವ. ನಿಮಗ ಏನೂ ಕೆಲಸಿಲ್ಲ."

ನನಗೆ ಬೇಡವಾದದ್ದೇ ಅದು. ನೀರು ಸದ್ದಿಲ್ಲದೆ ಹೊರಗೆ ಹೋದರೆ ಶಾಂತಾಳಿಗೆ ತೋರಿಸುವ ಸಾಕ್ಷಿ ಎಲ್ಲಿಂದ ತರಲಿ? ಕೆಳಗೆ ಟ್ಯಾಂಕು ಇದ್ದ ಇನ್ನೊಂದನ್ನು ಆರಿಸಿದೆ. ಟ್ಯಾಂಕನ್ನು ಎಳೆದು ತೆಗೆದು ನೀರು ಚೆಲ್ಲಬಹುದು. ತುಂಬಿದರೆ ಕೆಂಪು ದೀಪ ಹತ್ತಿ ಯಂತ್ರ ತಾನೇ ನಿಲ್ಲುತ್ತದೆ. ಬಹಳ ವಿವೇಕದ ಆಯ್ಕೆ ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಮರುದಿನ ಬೆಳಿಗ್ಗೆ ಯಂತ್ರ ಚಾಲೂ ಮಾಡಿ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಕೆಂಪು ದೀಪ! ಟ್ಯಾಂಕು ಕಂಠಮಟ್ಟ ತುಂಬಿತ್ತು. ಶಾಂತಾಳನ್ನು ಕರೆದು ತೋರಿಸಿದೆ, ನೋಟ್‌ಬುಕ್ಕಿನಲ್ಲಿ "ಮೊದಲ ದಿನ, ಆರು ಲೀಟರ್" ಎಂದು ಬರೆದೆ. ರಾತ್ರಿ ಯಂತ್ರಕ್ಕೆ ವಿಶ್ರಾಂತಿ ಕೊಟ್ಟೆ. ಎರಡನೆಯ ದಿನವೂ ಆರು ಲೀಟರ್. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಣಿತ ಮಾಸ್ತರನಿಗೆ ಇಲ್ಲಿ ಅನುಮಾನ ಬರಬೇಕಿತ್ತು. ನನಗೆ ಯಂತ್ರದ ಶಿಸ್ತು ಕಂಡು ಹೆಮ್ಮೆ ಬಂತು.

ಪಕ್ಕದಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ಖಾಸಿಂಸಾಬರಿಗೆ ಒಂದು ಬಾಟಲಿ ನೀರು ಕೊಟ್ಟಿದ್ದೆ. ಗಾಳಿಯಿಂದ ಇಳಿದ ಶುದ್ಧ ನೀರು, ಹಬೆಯ ಇಸ್ತ್ರಿಪೆಟ್ಟಿಗೆಗೆ ಅಮೃತ ಎಂದೂ ಹೇಳಿದ್ದೆ. ಅವರು ಬಿಳಿ ಕಲೆ ಬಿದ್ದ ಅಂಗಿಯೊಂದನ್ನು ಹಿಡಿದುಕೊಂಡು ಬಂದರು.

"ಸರ, ನಿಮ್ಮ ಗಾಳಿದಾಗ ಸುಣ್ಣ ಭಾಳ ಐತಿ. ನಮ್ಮ ಬೋರಿನ ನೀರಿನಷ್ಟ ಐತಿ."

ಕುಷ್ಟಗಿ ಕಡೆಯ ಕಲ್ಲುಕ್ವಾರಿಗಳ ಧೂಳು ಗಾಳಿಯಲ್ಲಿ ಬೆರೆತು ಬರುವುದರಿಂದ ಹೀಗಾಗುತ್ತದೆಂದು ಸವಿಸ್ತಾರವಾಗಿ ವಿವರಿಸಿದೆ. ಪಾಪ, ಅವರು ನಂಬಿದರು. ನಾನೂ ನಂಬಿದೆ.

ಮೂರನೆಯ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಬೇಗ ಬಂದೆ. ನೆಲಮಾಳಿಗೆಗೆ ಇಳಿದರೆ ನಮ್ಮ ಅವ್ವ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಕೊಡ. ಟ್ಯಾಂಕು ಎಳೆದು ತೆಗೆದು ತಂಬಿಗೆಯಿಂದ ನೀರು ಹಾಕುತ್ತಿದ್ದಾಳೆ.

"ಏನ್ ಮಾಡಾಕತ್ತೀಬೇ ಅವ್ವಾ?"

"ಕೂಲರಿಗೆ ನೀರ ಹಾಕಾಕತ್ತೀನಿ. ನೀ ದಿನಾ ಖಾಲಿ ಇಟ್ಟು ಸಾಲಿಗೆ ಹೋಗ್ತಿ. ಒಂದ ಮಾತ ಹೇಳ್ತೀನಿ, ಈ ಕೂಲರ್ ಛಲೋ ಇಲ್ಲ ನೋಡಪಾ. ನೀರ ಹಾಕಿದ ಕೂಡ್ಲೇ ಬಂದ್ ಆಗ್ತೈತಿ."

ಶಿವರಾತ್ರಿಯಿಂದ ಕಾರಹುಣ್ಣಿಮೆಯವರೆಗೆ ಕೂಲರಿಗೆ ನೀರು ಹಾಕುವುದು ನಮ್ಮ ಮನೆಯಲ್ಲಿ ಅವ್ವನ ಕೆಲಸ. ಗುಂಯ್ ಎನ್ನುವ, ಕೆಳಗೆ ಟ್ಯಾಂಕು ಇರುವ ಪೆಟ್ಟಿಗೆಯನ್ನು ಅವಳು ಇನ್ನೇನೆಂದು ತಿಳಿಯಬೇಕು? ನಾನು ಓಣಿಗೆಲ್ಲ ಯಂತ್ರದ ವಿಷಯ ಹೇಳಿದ್ದೆ, ಅವ್ವನಿಗೆ ಹೇಳಿರಲಿಲ್ಲ. ಮೂರು ದಿನವೂ ಆ ಯಂತ್ರ ದುಡಿದದ್ದು ನಾನು ಹೊಸ್ತಿಲು ದಾಟಿ ಅವ್ವ ಮೆಟ್ಟಿಲು ಇಳಿಯುವಷ್ಟು ಹೊತ್ತು ಮಾತ್ರ.

ಸದ್ದು ಕೇಳಿ ಶಾಂತಾ ಇಳಿದು ಬಂದಳು. ಒಂದೊಂದೇ ಡಬ್ಬಿ ತೆರೆದಳು. ನಾಲ್ಕರಲ್ಲಿ ಹಪ್ಪಳ ಮೆತ್ತಗಿದ್ದವು. ಐದನೆಯದರಲ್ಲಿ ಹಸಿರು ಬೂಷ್ಟು ಹಿಡಿದಿತ್ತು. ಇನ್ನೂರು ಹಪ್ಪಳ ಹಾಳು. ಅವಳು ಬೈಯಲಿಲ್ಲ, ಆ ಡಬ್ಬಿಯ ಮುಂದೆ ಕೂತು ಹಾಳಾದ ಹಪ್ಪಳ ಎಣಿಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದರೂ ಬಾಯಿ ಸುಮ್ಮನಿರಬೇಕಲ್ಲ. "ಅವ್ವ ನೀರು ಹಾಕ್ಯಾಳ" ಎಂದೆ.

"ನಾ ಸಾಲಿ ಕಲ್ತಿಲ್ಲಪ್ಪ, ನೀರ ಹಾಕಿದೆ" ಎಂದಳು ಅವ್ವ. "ನೀ ಕಲ್ತೀಯಲ್ಲ, ನೀ ಏನ್ ಮಾಡಿದಿ?"

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಮರುದಿನ ಐದೂ ಹೆಣ್ಣುಮಕ್ಕಳು ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಹಪ್ಪಳ ಹರವಿದರು. ಬಿಸಿಲು ಎರಡು ಮಧ್ಯಾಹ್ನಗಳಲ್ಲಿ ಕೆಲಸ ಮುಗಿಸಿತು. ಹಾಳಾದ ಇನ್ನೂರರ ಬದಲು ಹೊಸದಾಗಿ ಇನ್ನೂರು ಲಟ್ಟಿಸಿದರು. ನನಗೆ ಕಾಗೆ ಓಡಿಸುವ ಕೆಲಸ ಕೊಟ್ಟಿದ್ದರು. ಅದರಲ್ಲೂ ಎರಡು ಹಪ್ಪಳ ಹೋದವು.

ಕುಷ್ಟಗಿಗೆ ಡಬ್ಬಿ ಮುಟ್ಟಿಸಲು ನಾನೂ ಹೋದೆ. ಮದುವೆ ಮನೆಯ ಯಜಮಾನರು ಒಂದು ಹಪ್ಪಳ ತೆಗೆದು ಮುರಿದರು. ಟಪ್ ಎಂದಿತು. ಶಾಂತಾ ವಾರದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟಳು.

"ಭಾಳ ಛಲೋ ಒಣಗ್ಯಾವ ತಂಗಿ. ಮುಂದಿನ ತಿಂಗಳ ನಮ್ಮ ತಮ್ಮನ ಮನ್ಯಾಗೂ ಮದುವಿ ಐತಿ, ಅದಕ್ಕೂ ನೀವ ಕೊಡ್ರಿ" ಎಂದ ಯಜಮಾನರು ನನ್ನತ್ತ ತಿರುಗಿದರು. "ಇವ್ರು ಯಾರ್ರಿ?"

"ಇವ್ರಾ?" ಶಾಂತಾ ಕ್ಷಣ ಯೋಚಿಸಿದಳು. "ನಮ್ಮ ಗುಂಪಿನ್ಯಾಗ ಡಬ್ಬಿ ಹೊರ್ತಾರ್ರಿ."

ಹತ್ತೊಂಬತ್ತು ವರ್ಷದಿಂದ ಗಣಿತ ಕಲಿಸುತ್ತಿರುವ ನಾನು ಅಲ್ಲವೆನ್ನಲು ಬಾಯಿ ತೆರೆದೆ. ಎರಡೂ ಕೈಯಲ್ಲಿ ಡಬ್ಬಿ ಇದ್ದವು.

"ಎಲ್ಲಿ ಇಡ್ಲಿರಿ?" ಎಂದೆ.