ಕಣ್ಣ ಮುಂದ ನಡದಿದ್ದರಷ್ಟ ‘ಇಂಗ್’

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಈ ನಾಕೂ ಕಡೆ ಬ್ರಿಟಿಷರ ಕಾಲದಾಗ ನನ್ನಷ್ಟು ಚಲೋ ಇಂಗ್ಲಿಷ್ ಮಾತಾಡಾಂವ ಇನ್ನೊಬ್ಬ ಇರಲಿಲ್ಲ. ಅಲ್ಲ ಅನ್ನೋರು ಇದ್ದರು, ಈಗ ಅವರೊಳಗ ಒಬ್ಬರೂ ಉಳದಿಲ್ಲ. ಸಾಲಿ ಕಟ್ಟಿ ಹತ್ತದ ನನಗ ಇಂಥಾ ಪ್ರಸಂಗ ಯಾಕ ಗಂಟು ಬೀಳತಾವೋ ತಿಳೀದು. ಬಿದ್ದಾವು, ಕೇಳ್ರಿ.

೧. ಪಾಠ

ನಾ ಹಾನಗಲ್ಲ ಸರಕಾರಿ ಬಂಗಲೆದ ಚೌಕಿದಾರ. ಹೊಸ ಬಿಳೀ ಸಾಹೇಬ ತಿರುಗಾಟಕ್ಕ ಬರಾಂವಿದ್ದ. ಇಂಗ್ಲಿಷಿನ್ಯಾಗ ಜವಾಬು ಕೊಡದ ಚೌಕಿದಾರನ್ನ ತಗದ ಹಾಕತಾನಂತ ಸುದ್ದಿ. ಬಂಕಾಪುರದಾಂವನ್ನ ಆಗಲೇ ಮನಿಗೆ ಕಳಿಸಿದ್ದ. ನಾ ಒಂದು ಗಡಿಗಿ ಮಸರು ಹೊತಗೊಂಡು ಸಾಲಿ ಮಾಸ್ತರ ಮನಿಗೆ ಓಡಿದೆ.

ಮಾಸ್ತರು ಹೇಳಿದ್ರು: “ದಿನಾ ನಡಿಯೂದಕ್ಕ ಇಂಗ್ ಹಚ್ಚಬ್ಯಾಡ. ಈಗ, ಕಣ್ಣ ಮುಂದ ನಡದಿದ್ದರಷ್ಟ ಹಚ್ಚು. ಎತ್ತು ದಿನಾ ನೀರು ಕುಡಿತೈತಿ, ಡ್ರಿಂಕ್ಸ್. ಅಲ್ಲಿ ನೋಡು, ಕುಡ್ಯಾಕತ್ತೈತಿ, ಡ್ರಿಂಕಿಂಗ್.”

“ಮಾಸ್ತರ, ನನ್ನ ಹೇಣ್ತಿ ದಿನಾನೂ ಬೈತಾಳ, ಈಗೂ ಬಯ್ಯಾಕತ್ತಾಳ. ಏನು ಮಾಡ್ಲಿ?”

ಮಾಸ್ತರು ನಮ್ಮ ಓಣಿ ಕಡೆ ಕಿವಿ ಕೊಟ್ಟು ಕೇಳಿದ್ರು. “ಇಲ್ಲೀತನಾ ಕೇಳಸಾಕತ್ತೈತಿ. ಹಚ್ಚು.”

೨. ಇದ್ದಲಿ ಮೋಟಾರು

ಸಾಹೇಬ ಬಂದ, ಅವನ ಸಾಮಾನು ಬರಲಿಲ್ಲ. ಅದು ಶಿಗ್ಗಾಂವಿಂದ ಬಸ್ಸಿನ್ಯಾಗ ಬರೂದಿತ್ತು. ಯುದ್ಧದ ಕಾಲ, ಪೆಟ್ರೋಲ್ ಇಲ್ಲ, ಇದ್ದಲಿ ಉರಿಸಿ ಓಡಿಸೋ ಮೋಟಾರು. ಏರು ಬಂತಂದ್ರ ಮಂದಿ ಇಳದು ನೂಕಬೇಕು, ಟಿಕೀಟು ತಗೊಂಡಾವ್ರು ಮೊದಲು. ಸಾಹೇಬ ಜಗಲಿ ಮ್ಯಾಲೆ ನಿಂತು ಬಸ್ ಕಮಿಂಗ್ ಏನು ಅಂತ ಕೇಳಿದ. ನಾ ಹುಬ್ಬಿನ ಮ್ಯಾಲೆ ಕೈ ಇಟ್ಟು ದೂರ ರಸ್ತೆ ನೋಡಿದೆ. ಸುಳ್ಳು ಹೇಳೂದು ನನ್ನ ರಕ್ತದಾಗ ಇಲ್ಲ.

“ನೋ ಸರ್. ಬಸ್ ನಾಟ್ ಕಮಿಂಗ್. ಪೀಪಲ್ ಬ್ರಿಂಗಿಂಗ್.”

೩. ಗೌಡ್ರ ಊಟ

ಮರುದಿನ ಸಾಹೇಬ ನನ್ನ ಕರಕೊಂಡು ತಿಳವಳ್ಳಿಗೆ ಹೋದ. ಊರಗೌಡ್ರನ್ನ ಕರಿ ಅಂದ. ಹೋಗಿ ನೋಡಿದ್ರ ಗೌಡ್ರ ಮನಿಯಾಗ ಮದವಿ, ಗೌಡ್ರು ಪಂಕ್ತಿಯೊಳಗ ಕುಂತಾರ. ನಮ್ಮ ಕಡೆ ಪಂಕ್ತಿಯೊಳಗ ಎಲ್ಲಾರ ಊಟಾ ಮುಗಿಯೂತನಾ ಒಬ್ಬಾಂವನೂ ಏಳೂಹಂಗಿಲ್ಲ. ಆ ಪಂಕ್ತಿಯ ತುದಿಗೆ ಗೌಡ್ರ ಸೋದರಮಾವ ಕುಂತಿದ್ದ. ಮುದುಕ, ಹಲ್ಲಿಲ್ಲ, ಹಸಿವು ಭಾಳ.

ಗೌಡ ಈಸ್ ಈಟಿಂಗ್ ಅಂತ ಸಾಹೇಬಗ ಹೇಳಿದೆ. ಹೊತ್ತು ಇಳದ ಮ್ಯಾಲೆ ಮತ್ತ ಕೇಳಿದ, ಮತ್ತ ಅದನ್ನ ಹೇಳಿದೆ. ಸಾಹೇಬನ ಮಾರಿ ಕೆಂಪಾತು. ಇಷ್ಟೊತ್ತು ಯಾಂವ ಉಣ್ಣತಾನ, ನಾನ ಹೋಗಿ ನೋಡತೇನಿ, ಸುಳ್ಳಾಗಿದ್ರ ನಾಳಿಂದ ನಿನಗ ನೌಕರಿ ಇಲ್ಲ ಅಂದವನ ನಡದ.

ದೀಪಾ ಹಚ್ಚೂ ಹೊತ್ತಿಗೆ ಅವನ ಕಾರಕೂನ ಗಾಬರಿಯಾಗಿ ಓಡಿ ಬಂದ, ಸಾಹೇಬ್ರು ಎಲ್ಲದಾರ ಅಂತ. ನಾ ಹಂದರದ ಕಡೆ ನೋಡಿದೆ. ಸಾಹೇಬ ಮುದುಕನ ಬಾಜು ಮಣಿ ಮ್ಯಾಲೆ ಕುಂತಿದ್ದ. ಬ್ಯಾಡಂತ ಕೈ ಅಡ್ಡ ಹಿಡದ್ರೂ ಗೌಡ್ರ ಅವ್ವ ಅವನ ಹೋಳಿಗಿ ಮ್ಯಾಲೆ ತುಪ್ಪ ಸುರವಾಕತ್ತಿದ್ಲು.

“ಸಾಹೇಬ್ ಈಸ್ ಈಟಿಂಗ್” ಅಂದೆ.

೪. ನಿದ್ದಿ

ಆ ರಾತ್ರಿ ಸಾಹೇಬ ಬಂಗಲೆ ಸಜ್ಜು ಮಾಡಂತ ನನ್ನ ಮುಂದ ಕಳಿಸಿದ್ದ. ನನ್ನ ಹೊಟ್ಟ್ಯಾಗೂ ಮದವಿ ಹೋಳಿಗಿ ಇದ್ದವು, ಜಗಲಿ ಮ್ಯಾಲೆ ಅಡ್ಡಾದೆ. ಕಿವ್ಯಾಗ ಹಲಗಿ ಬಡದ್ರೂ ಎಚ್ಚರಾಗದಂಥಾ ನಿದ್ದಿ. ಸಾಹೇಬ ಬಂದು ತಲಿದೆಸಿಗೆ ನಿಂತ. ಕಾವಲು ಕಾಯಾಂವ ಮಲಗಿದ್ದು ಸಿಕ್ಕರ ನೌಕರಿ ಹೋದಂಗನ.

“ಚೌಕಿದಾರ, ವಾಟ್ ಆರ್ ಯೂ ಡೂಯಿಂಗ್?”

ನಾ ಕಣ್ಣ ತಗೀಲಿಲ್ಲ, ನಿದ್ದಿಯೊಳಗನ ಜವಾಬು ಕೊಟ್ಟೆ. “ಸ್ಲೀಪಿಂಗ್, ಸರ್.”

ಸಾಹೇಬ ಕಾರಕೂನಗ ಹೇಳಿದ: “ಉಳದ ಚೌಕಿದಾರರು ಗಡಬಡಿಸಿ ಎದ್ದು, ಕಾಯಾಕತ್ತೇನ್ರಿ ಅಂತಾರ. ಖರೇ ಹೇಳಿದಾಂವ ಇವನೊಬ್ಬನ. ಇವನ್ನ ತಗೀಬ್ಯಾಡ್ರಿ, ಎಬ್ಬಿಸಲೂ ಬ್ಯಾಡ್ರಿ.” ಹಂಗಂದು ಬೂಟು ಕಳದು ಕೈಯಾಗ ಹಿಡಕೊಂಡು, ಸಪ್ಪಳಾಗದಂಗ ತುದಿಗಾಲ ಮ್ಯಾಲೆ ಒಳಗ ಹೋದ. ನನಗ ಎಚ್ಚರಾತು ಮರುದಿನ ಸಂಜಿಗೆ.

ಇಷ್ಟೊತ್ತು ಬಾಜು ಕುಂತು ನನ್ನ ಕತಿ ಕೇಳಕೋತ ಶೇಂಗಾ ಸುಲ್ಯಾಕತ್ತಿದ್ದ ಸೊಸಿ ಕೈ ನಿಲ್ಲಿಸಿದ್ಲು. “ಮಾವಾರ, ಮರುದಿನ ಸಂಜಿತನಾ ನಿಮಗ ಎಚ್ಚರನ ಇಲ್ಲಂದ್ರ, ಸಾಹೇಬ ಹಂಗಂದದ್ದು, ಬೂಟು ಕೈಯಾಗ ಹಿಡದದ್ದು ನಿಮಗ ಹೆಂಗ ಗೊತ್ತಾತರಿ?”

ನಾ ಹೆಗಲ ಮ್ಯಾಲಿನ ಟಾವೆಲ್ ಝಾಡಿಸಿದೆ.

“ನಾ ಕತಿ ಹೇಳಾಕತ್ತೇನವಾ. ಕೋರ್ಟಿನ್ಯಾಗ ಸಾಕ್ಷಿ ಹೇಳಾಕತ್ತಿಲ್ಲ.”