ತಾತನ ಹೆಸರಿನ ಮೀಟರು

ಲೆಕ್ಕ ಎನ್ನುವುದು ನನ್ನ ರಕ್ತದಲ್ಲೇ ಇದೆ! ಶ್ರೀರಂಗಪಟ್ಟಣದ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹದಿನೇಳು ವರ್ಷ ಕುರ್ಚಿ ಸವೆಸಿದ ಗುಮಾಸ್ತ ನಾನು. ಒಂದು ಪೈಸೆ ಆಚೀಚೆಯಾದರೂ ಫೈಲನ್ನು ವಾಪಸ್ ಎಸೆಯುವ ಈ ರವೀಂದ್ರನಿಗೆ, ಪಾಂಡವಪುರದ ಮೂರು ಕೋಣೆಯ ಮನೆಯೊಂದರ ಕರೆಂಟು, ನೀರು, ಗ್ಯಾಸು, ಕೇಬಲ್ಲಿನ ಬಿಲ್ಲು ಯಾವ ಲೆಕ್ಕ? ಕಳೆದ ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಮೆಲ್ಲುತ್ತಾ ಘೋಷಿಸಿಯೇ ಬಿಟ್ಟೆ.

"ಪ್ರಮೀಳಾ, ಇವತ್ತಿಂದ ಮನೆ ಬಿಲ್ಲೆಲ್ಲಾ ನನ್ ಜವಾಬ್ದಾರಿ ಕಣೆ. ನೀನ್ ಆರಾಮಾಗಿರು."

ಹದಿನಾಲ್ಕು ವರ್ಷಗಳಿಂದ ಒಂದೇ ಒಂದು ಬಿಲ್ಲನ್ನೂ ಕೊನೆಯ ದಿನಾಂಕ ದಾಟಲು ಬಿಡದ ನನ್ನ ಹೆಂಡತಿ ಒಲೆಯಿಂದ ತಲೆಯೆತ್ತಲಿಲ್ಲ.

"ನೀವಾ? ಮೀಟರ್ನ ನಿಮ್ ತಾತನ ಹೆಸ್ರಿಂದ ನಿಮ್ಮೆಸ್ರಿಗೆ ಮಾಡುಸ್ಕೊಂಡ್ ಬನ್ನಿ ಅಂತ ಬಡ್ಕೊತಾ ಇವ್ನಿ. ಇನ್ನೂ ಅರ್ಜಿನೇ ಬರ್ದಿಲ್ಲ. ಊರ್ಗೆಲ್ಲಾ ಫ್ರೀ ಕರೆಂಟ್ ಬಂದ್ರೂ ನಮ್ಮನೇಗ್ ಬರ್ಲಿಲ್ಲ. ಇನ್ನ ಬಿಲ್ ಕಟ್ಟೋರು ನೀವು!"

ಮಾತು ನಿಜವೇ. ನಮ್ಮ ಮನೆಯ ಮೀಟರು ಇಂದಿಗೂ ನನ್ನ ತಾತ ಚಲುವೇಗೌಡರ ಹೆಸರಿನಲ್ಲಿದೆ. ತಾತ ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಆದರೆ ಗಂಡಸಿನ ಮಾನ ಅರ್ಜಿಯ ಮೇಲೆ ನಿಂತಿರುತ್ತದೆಯೇ?

"ಮೂರ್ ತಿಂಗ್ಳು ನೋಡು. ಒಂದೇ ಒಂದ್ ಬಿಲ್ ತಪ್ಪಿದ್ರೂ ನನ್ ಎಟಿಎಂ ಕಾರ್ಡು ನಿನ್ ಕೈಗೆ. ಜೀವಮಾನ ಪೂರ್ತಿ!"

"ಪಿನ್ನೂ ಸೇರಿ?"

"ಪಿನ್ನೂ ಸೇರಿ!"

ಎಲೆಗೆ ಸುಣ್ಣ ಹಚ್ಚುತ್ತಿದ್ದ ನನ್ನ ಅವ್ವ ಚಿಕ್ಕಬೋರಮ್ಮ ಬಾಗಿಲ ಬಳಿಯಿಂದಲೇ ಮುದ್ರೆ ಒತ್ತಿದಳು. "ನಾನ್ ಸಾಕ್ಷಿ ಕಣವ್ವ. ಇವ್ನು ಸಣ್ಣೋನಿದ್ದಾಗ್ಲಿಂದ್ಲೂ ಇಂಗೇಯ. ಮೊದ್ಲು ಮಾತಾಡ್ತನೆ, ಆಮೇಲೆ ಬೆವರ್ತನೆ."

ಪ್ರಮೀಳಾ ಕ್ಯೂನಲ್ಲಿ ನಿಂತು ನಗದು ಕಟ್ಟುತ್ತಿದ್ದಳು. ನಾನೇನು ಹಳೇ ಕಾಲದವನೇ? ಮೊಬೈಲು ತೆಗೆದೆ. ಹಳೆಯ ಬಿಲ್ಲೊಂದನ್ನು ಮುಂದಿಟ್ಟುಕೊಂಡು ಅದರ ಉದ್ದನೆಯ ನಂಬರನ್ನು ಟೈಪಿಸಿದೆ. ಕನ್ನಡಕ ಒಳಗೆ ಟಿವಿಯ ಮೇಲಿತ್ತು, ಎದ್ದು ತರುವಷ್ಟು ವ್ಯವಧಾನ ಇರಲಿಲ್ಲ. ತೆರೆಯ ಮೇಲೆ ಹೆಸರು ಮೂಡಿತು: ಚಲುವೇಗೌಡ! ತಾತನ ಹೆಸರನ್ನು ಹೀಗೆ ಮೊಬೈಲಿನಲ್ಲಿ ಕಂಡು ನನ್ನ ಕಣ್ಣು ತೇವವಾಯಿತು. ಕೈ ಮುಗಿದೆ. ಪ್ರತಿ ತಿಂಗಳೂ ಖಾತೆಯಿಂದ ತಾನೇ ಹಣ ಕಟ್ಟಿಕೊಳ್ಳಲಿ ಎಂದು ಗುಂಡಿ ಒತ್ತಿದೆ.

ಆಮೇಲೆ ಮೊತ್ತ ನೋಡಿದೆ. ಮೂರು ಸಾವಿರದ ನೂರ ಎಂಬತ್ತು!

ಪ್ರಮೀಳಾ ಕಟ್ಟುತ್ತಿದ್ದದ್ದು ಹೆಚ್ಚೆಂದರೆ ಸಾವಿರದ ನಾನೂರು. ಜವಾಬ್ದಾರಿ ಹೊತ್ತ ಮೊದಲ ತಿಂಗಳೇ ಬಿಲ್ಲು ಎರಡು ಪಟ್ಟಾಯಿತೆಂದು ಯಾವ ಬಾಯಲ್ಲಿ ಹೇಳಲಿ?

"ಕರೆಂಟ್ ಬಿಲ್ ಎಷ್ಟ್ ಬಂತು?" ಎಂದಳು ಊಟಕ್ಕೆ ಬಡಿಸುತ್ತಾ.

"ಮಾಮೂಲಿ," ಎಂದೆ. ತಲೆ ತಗ್ಗಿಸಿ ಮುದ್ದೆ ಮುರಿದೆ.

ಎರಡು ದಿನದ ಬಳಿಕ ಮೀಟರ್ ಓದುವವನು ಗೇಟಿಗೆ ಸಿಕ್ಕಿಸಿ ಹೋದ ಕಾಗದದ ಬಿಲ್ಲನ್ನು ಪ್ರಮೀಳಾಳ ಕಣ್ಣಿಗೆ ಬೀಳುವ ಮೊದಲೇ ಕಿತ್ತುಕೊಂಡೆ. ಅದೇ ಮೊತ್ತದ ಮುಖವನ್ನು ಎರಡನೇ ಸಲ ನೋಡುವ ಧೈರ್ಯ ನನಗಿರಲಿಲ್ಲ. ಬಿಚ್ಚದೆಯೇ ನಾಲ್ಕು ಮಡಿಕೆ ಮಾಡಿ ಸ್ಕೂಟರಿನ ಡಿಕ್ಕಿಗೆ ಹಾಕಿ ಬೀಗ ಜಡಿದೆ. ಮುಂದಿನ ಎರಡು ಬಿಲ್ಲುಗಳಿಗೂ ಅದೇ ಗತಿಯಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಉಳಿತಾಯದ ಮಹಾಯುದ್ಧ ಶುರು! ಮಿಕ್ಸಿಗೆ ನಿಷೇಧ, ಚಟ್ನಿ ಒರಳಿಗೆ. ಹಗಲು ಫ್ರಿಜ್ಜು ಬಂದ್, ಮೊಸರು ಹುಳಿ. ಮಗಳು ಚಿನ್ನು ಜಗುಲಿಯ ಬೆಳಕಿನಲ್ಲಿ ಹೋಂವರ್ಕ್ ಮಾಡಬೇಕು. ಇನ್ನು ಫ್ಯಾನುಗಳಂತೂ ನನ್ನ ಪರಮ ಶತ್ರುಗಳಾದವು. ಎಲ್ಲಿ ರೆಕ್ಕೆ ತಿರುಗಿದರೂ ನನ್ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತಿತ್ತು. ಆ ಚಟ ಕಚೇರಿಗೂ ಅಂಟಿಕೊಂಡಿತು. ಒಂದು ಮಧ್ಯಾಹ್ನ ನಮ್ಮ ಹೆಡ್ ಕ್ಲರ್ಕ್ ಶ್ರೀಕಂಠಯ್ಯನವರ ತಲೆಯ ಮೇಲಿನ ಫ್ಯಾನನ್ನೇ ಆರಿಸಿಬಿಟ್ಟೆ.

"ರವೀಂದ್ರ, ನಾನಿನ್ನೂ ಎದ್ದು ಹೋಗಿಲ್ಲಪ್ಪ. ಇಲ್ಲೇ ಕೂತಿದೀನಿ," ಎಂದರು ಅವರು ಟವಲಿನಿಂದ ಬೋಳುತಲೆ ಒರೆಸಿಕೊಳ್ಳುತ್ತಾ.

ನಾನು ಕೈ ಇಡದೆ ಬಿಟ್ಟದ್ದು ಪ್ರಮೀಳಾಳ ಗ್ರೈಂಡರಿನ ಮೇಲೆ ಮಾತ್ರ. ಮದುವೆ, ನಾಮಕರಣಕ್ಕೆ ಒಬ್ಬಟ್ಟು ಮಾಡಿಕೊಟ್ಟು ಅವಳು ನಾಲ್ಕು ಕಾಸು ದುಡಿಯುತ್ತಾಳೆ. ಅದನ್ನು ಮುಟ್ಟಿದ್ದರೆ ಈ ಬರಹ ಬರೆಯಲು ನಾನು ಉಳಿಯುತ್ತಿರಲಿಲ್ಲ.

ಇಷ್ಟೆಲ್ಲಾ ಬೆವರು ಸುರಿಸಿದ ಮೇಲೆ ಫೆಬ್ರವರಿಯಲ್ಲಿ ಮೊಬೈಲು ಟಿಣ್ ಎಂದಿತು. ನಾಲ್ಕು ಸಾವಿರದ ಇನ್ನೂರ ಅರವತ್ತು!

ನನಗೆ ನಿದ್ದೆ ಹೋಯಿತು, ಹಸಿವು ಹೋಯಿತು. ಯಾರಾದರೂ ನಮ್ಮ ಮನೆಯಿಂದ ಕರೆಂಟು ಕದಿಯುತ್ತಿದ್ದಾರೆಯೇ ಎಂದು ಕಾಂಪೌಂಡಿನ ಸುತ್ತ ಮೂರು ಸಲ ವೈರು ಹುಡುಕಿದೆ. ಸಿಕ್ಕಿದ್ದು ಒಂದು ಹರಿದ ಗಾಳಿಪಟ.

ಈ ಸಂಕಟದ ನಡುವೆ ಒಂದೇ ಒಂದು ತಂಪು ಸುದ್ದಿ ತಂದವಳು ಅವ್ವ.

"ಲೇ ರವೀ, ಸ್ಟೇಷನ್ ರೋಡಲ್ಲಿ ಒಂದ್ ಹಿಟ್ಟಿನ್ ಮಿಲ್ಲೈತೆ ಕಣ್ಲಾ. ಎಲ್ರೂ ಕೇಜಿಗೆ ಆರ್ ರೂಪಾಯ್ ಇಸ್ಕಂಡ್ರೆ ಅವ್ನು ಮೂರೇ ರೂಪಾಯ್ಗೆ ರಾಗಿ ಬೀಸ್ಕೊಡ್ತನೆ. ಅದೇನೋ ಅವ್ನಿಗೆ ಕರೆಂಟ್ ಫ್ರೀ ಆಗೈತಂತೆ."

ನಾನು ಕುಣಿದಾಡಿದೆ! ಉಳಿತಾಯ ಎಂದರೆ ಇದು. ಕಚೇರಿಯಲ್ಲಿ ಡಂಗುರ ಹೊಡೆದೆ, ನೆಂಟರ ವಾಟ್ಸಾಪ್ ಗುಂಪುಗಳಲ್ಲೆಲ್ಲಾ ಹಾಕಿದೆ. ಶ್ರೀಕಂಠಯ್ಯನವರು ಗಂಜಾಂನಿಂದ ಗೋಧಿ ಹೊತ್ತು ತಂದರು. ಕೆ.ಆರ್. ಪೇಟೆಯ ಚಿಕ್ಕಪ್ಪ ಅಕ್ಕಿ ತಂದ. ದೇವಲಾಪುರದ ನನ್ನ ಭಾವಮೈದನಂತೂ ಊರಿನವರ ರಾಗಿಯನ್ನೆಲ್ಲಾ ಸೇರಿಸಿ ಟೆಂಪೋದಲ್ಲೇ ಹೇರಿಕೊಂಡು ಬಂದ. ಎಲ್ಲರೂ ನನಗೆ ಫೋನು ಮಾಡಿ ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿದ್ದೇ ಉಬ್ಬಿದ್ದು.

ಮಾರ್ಚಿ ಬಂತು. ಮೊಬೈಲು ಟಿಣ್ ಎಂದಿತು. ಐದು ಸಾವಿರದ ಏಳುನೂರ ಮೂವತ್ತು! ಸಂಬಳಕ್ಕೆ ಇನ್ನೂ ಐದು ದಿನ, ಖಾತೆಯಲ್ಲಿ ಉಳಿದದ್ದು ನಾನೂರ ಹನ್ನೆರಡು. ನನಗೆ ಅಳು ಬಂತು, ಬಚ್ಚಲುಮನೆಗೆ ಹೋಗಿ ಅತ್ತೆ. ದೀಪ ಆರಿಸಿಕೊಂಡೇ ಅತ್ತೆ.

ಅದಾದ ಎರಡನೇ ದಿನ, ಭಾನುವಾರ. ಪ್ರಮೀಳಾಗೆ ಗೃಹಪ್ರವೇಶವೊಂದಕ್ಕೆ ಇನ್ನೂರು ಒಬ್ಬಟ್ಟಿನ ಆರ್ಡರು. ಅಷ್ಟು ದೊಡ್ಡ ಆರ್ಡರು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸಂಜೆ ನಾಲ್ಕಕ್ಕೆ ಅವರ ಕಾರು ಬರುತ್ತದೆ. ಬೇಳೆ ಬೆಂದಿದೆ, ಬೆಲ್ಲ ಬಿದ್ದಿದೆ, ಹೂರಣ ರುಬ್ಬಲು ಗ್ರೈಂಡರು ಸಿದ್ಧವಾಗಿದೆ. ಮಾರ್ಚಿ ಕೊನೆಯ ವಸೂಲಿಯೆಂದು, ಭಾನುವಾರವಾದರೂ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಗೇಟಿನ ಬಳಿ ಏಣಿ ಹೊತ್ತ ಲೈನ್‌ಮನ್ ಪ್ರತ್ಯಕ್ಷನಾದ.

"ಸಾ, ಮೂರ್ ತಿಂಗ್ಳಿಂದ ಬಿಲ್ ಕಟ್ಟಿಲ್ಲ ನೀವು. ಲೈನ್ ತೆಗೀಬೇಕು."

ನಾನು ನಕ್ಕೆ! ಎದೆಯುಬ್ಬಿಸಿ ನಕ್ಕೆ! ಮೊಬೈಲನ್ನು ಅವನ ಮುಖಕ್ಕೆ ಹಿಡಿದೆ. "ಏನಪ್ಪಾ, ಯಾರ್ ಹತ್ರ ಮಾತಾಡ್ತಾ ಇದ್ದೀಯ? ಮೂರ್ ತಿಂಗ್ಳಿಗೆ ಹದಿಮೂರ್ ಸಾವ್ರದ ನೂರೆಪ್ಪತ್ ರೂಪಾಯ್ ಕಟ್ಟಿದೀನಿ!"

"ಎಷ್ಟೂ?" ಎಂಬ ಧ್ವನಿ ಅಡುಗೆಮನೆಯಿಂದ ಬಂತು. ಅದರ ಹಿಂದೆಯೇ ಸೌಟು ಹಿಡಿದ ಪ್ರಮೀಳಾ ಬಂದಳು.

ಲೈನ್‌ಮನ್ ತನ್ನ ಪಟ್ಟಿಯನ್ನೂ ನನ್ನ ಮೊಬೈಲನ್ನೂ ಅಕ್ಕಪಕ್ಕ ಹಿಡಿದು ನೋಡಿದ. "ನಿಮ್ ನಂಬರ್ ಕೊನೇಗೆ ಅರವತ್ತೆಂಟು. ನೀವ್ ಕಟ್ಟಿರೋದು ಎಂಬತ್ತಾರಕ್ಕೆ ಸಾ."

"ಹೆಸ್ರು ನೋಡಯ್ಯ! ಚಲುವೇಗೌಡ! ನಮ್ ತಾತ!"

"ನನ್ ಪಟ್ಟೀಲೇ ನಲವತ್ ಜನ ಚಲುವೇಗೌಡ್ರು ಅವ್ರೆ ಸಾ. ಅರ್ಧಕ್ಕರ್ಧ ಜನ ತೀರ್ಕೊಂಡವ್ರೆ, ಮೀಟರ್ ಮಾತ್ರ ಅವ್ರೆಸ್ರಲ್ಲೇ ಓಡ್ತಾ ಅವೆ. ನೀವ್ ಕಟ್ಟಿರೋ ಚಲುವೇಗೌಡ ಸ್ಟೇಷನ್ ರೋಡಿನ್ ಹಿಟ್ಟಿನ್ ಮಿಲ್ನೋರು."

ಮೇಲುಕೋಟೆಯ ಬೆಟ್ಟ ಕಾಣುವ ಊರುಗಳಲ್ಲಿ ಚಲುವನಾರಾಯಣನ ಹೆಸರಿಡದ ಮನೆ ಎಲ್ಲಿದೆ? ಅಷ್ಟೂ ಗೊತ್ತಾಗದ ಲೆಕ್ಕಿಗ ನಾನು! ಇಲ್ಲಿ ಫ್ಯಾನು ಆರಿಸಿ ನಾನು ಬೆವರಿದಷ್ಟೂ ದಿನ, ಅಲ್ಲಿ ನನ್ನ ದುಡ್ಡಿನಲ್ಲಿ ಮಿಲ್ಲು ಗರಗರ ತಿರುಗುತ್ತಿತ್ತು. ಅಲ್ಲಿಗೆ ಗಿರಾಕಿಗಳನ್ನು ಅಟ್ಟಿದವನೂ ನಾನೇ!

ಒಬ್ಬಟ್ಟಿನ ಮುಂಗಡದ ಹಣದಿಂದ ಪ್ರಮೀಳಾ ನಮ್ಮ ಬಾಕಿಯನ್ನು ಆಗಲೇ ಕಟ್ಟಿದಳು. ಆದರೆ ಲೈನ್‌ಮನ್ ಅಷ್ಟರಲ್ಲಿ ಲೈನ್ ಕಿತ್ತು ಕಂಬದಿಂದ ಇಳಿದಾಗಿತ್ತು. "ಇನ್ನ ಹದಿನೆಂಟ್ ಮನೆ ಐತೆ ಕಣಕ್ಕ. ಮುಗುಸ್ಕೊಂಡು ಸಂಜೆ ಆರರ್ ಮೇಲೆ ಬಂದು ಕೊಡ್ತೀನಿ," ಎಂದು ಏಣಿ ಹೊತ್ತು ನಡೆದ. ಗ್ರೈಂಡರು ತಣ್ಣಗೆ ಕುಳಿತಿತ್ತು. ಪ್ರಮೀಳಾ ಹೂರಣದ ಪಾತ್ರೆಯನ್ನೂ ನನ್ನನ್ನೂ ನೋಡಿದಳು. ಆ ನೋಟಕ್ಕಿಂತ ಸೌಟಿನಲ್ಲಿ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ಸ್ಕೂಟರು ಹತ್ತಿ ಮಿಲ್ಲಿಗೆ ಓಡಿದೆ.

ಮಿಲ್ಲಿನ ಮುಂದೆ ಜಾತ್ರೆಯಷ್ಟು ಜನ. ಒಳಗೆ ಗೋಡೆಯ ಮೇಲೆ ಒಬ್ಬ ಪೇಟದ ಮುದುಕನ ಫೋಟೋ, ಅದಕ್ಕೆ ತಾಜಾ ಮಲ್ಲಿಗೆ ಹಾರ. ಆತನ ಮೊಮ್ಮಗ, ಮಿಲ್ಲಿನ ಮಾಲೀಕ ಚಲುವರಾಜು, ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ನಾನು ನಡೆದದ್ದೆಲ್ಲಾ ಹೇಳಿ ಮೊಬೈಲು ತೋರಿಸಿದೆ. ಅವನು ಮಿಲ್ಲು ನಿಲ್ಲಿಸಿದ.

"ಅಯ್ಯೋ ಅಣ್ಣ! ಬಿಲ್ ಕಟ್ಟಕ್ಕೋದ್ರೆ ನಿಂದೇನೂ ಬಾಕಿ ಇಲ್ಲ ಅಂದ್ರು. ನಮ್ ತಾತನ್ ಹೆಸ್ರಲ್ಲಿರೋದ್ಕೆ ಸರ್ಕಾರ ಫ್ರೀ ಮಾಡೈತೆ ಅನ್ಕಂಡ್ಬುಟ್ಟೆ. ದಿನಾ ಹಾರ ಹಾಕ್ತಾ ಇವ್ನಿ!"

"ಹಾರ ಇರ್ಲಿ, ನನ್ ದುಡ್ಡು?"

"ಅರ್ಧ ರೇಟ್ಗೆ ಬೀಸ್ಬುಟ್ನಲ್ಲಣ್ಣ! ನಂಗೆ ಉಳಿದಿದ್ದೇನೈತೆ? ತಿಂಗ್ಳಿಗೆ ಒಂದೊಂದ್ ಸಾವ್ರ ಕೊಟ್ ತೀರುಸ್ತೀನಿ, ದೇವ್ರಾಣೆಗೂ."

ಹಾಗಾದರೆ ನನ್ನ ಹದಿಮೂರು ಸಾವಿರ ತಿಂದವರು ಯಾರು? ತಿರುಗಿ ಸಾಲನ್ನು ನೋಡಿದೆ. ಗೋಧಿ ಚೀಲದ ಮೇಲೆ ಶ್ರೀಕಂಠಯ್ಯನವರು. ಟೆಂಪೋದ ಪಕ್ಕದಲ್ಲಿ ಭಾವಮೈದ. ಎಲ್ಲರಿಗಿಂತ ಮುಂದೆ, ರಾಗಿ ಡಬ್ಬ ಕಂಕುಳಲ್ಲಿ ಅವುಚಿಕೊಂಡು, ನನ್ನ ಅವ್ವ!

"ಅಂಗಾರೆ ಇನ್ ಮ್ಯಾಲೆ ಆರ್ ರೂಪಾಯಾ?" ಎಂದು ಯಾರೋ ಗೊಣಗಿದರು. ಇಡೀ ಸಾಲು ನನ್ನನ್ನು ಕೊಲೆಗಾರನಂತೆ ನೋಡಿತು.

ಆಗ ಆಟೋ ಬಂದು ನಿಂತಿತು. ಅದರಿಂದ ಮೊದಲು ಗ್ರೈಂಡರು ಇಳಿಯಿತು, ಆಮೇಲೆ ಹೂರಣದ ಪಾತ್ರೆ, ಕೊನೆಗೆ ಪ್ರಮೀಳಾ.

"ಪ್ಲಗ್ ಎಲ್ಲೈತೆ ತೋರ್ಸಣ್ಣ," ಎಂದಳು ಚಲುವರಾಜುಗೆ. "ಇಲ್ಲಿಗೆ ಹದಿಮೂರ್ ಸಾವ್ರ ಕಟ್ಟಿದೀವಿ. ಒಂದ್ ಗ್ರೈಂಡರ್ ಓಡ್ಸಕ್ಕೆ ಅಡ್ಡಿ ಇಲ್ಲ ತಾನೆ?"

ಅವನು ಓಡಿ ಹೋಗಿ ಜಾಗ ಒರೆಸಿ ಕೊಟ್ಟ. ಗ್ರೈಂಡರು ಗುರ್ರೆಂದಿತು. ಮೂರು ತಿಂಗಳಿಂದ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಆ ಸದ್ದಿಗೆ ಇಳಿಯಿತು. ಆರ್ಡರು ಉಳಿಯಿತು!

"ಮೂರ್ ತಿಂಗ್ಳು ಯಾಕ್ರೀ ಬಾಯ್ ಬುಡ್ಲಿಲ್ಲ?" ಎಂದಳು ಹೂರಣ ತಳ್ಳುತ್ತಾ.

"ಭಯ ಆಯ್ತು ಕಣೆ."

"ಬಿಲ್ ಕಂಡಾ, ನನ್ ಕಂಡಾ?"

ಜೇಬಿನಿಂದ ಎಟಿಎಂ ಕಾರ್ಡು ತೆಗೆದುಕೊಟ್ಟೆ. ಅವಳ ಕಿವಿಯಲ್ಲಿ ಪಿನ್ನು ಉಸುರಿದೆ.

"ಗಟ್ಟಿಯಾಗ್ ಯೋಳ್ಲಾ," ಎಂದಳು ಅವ್ವ ಸಾಲಿನಿಂದ. "ಸಾಕ್ಷಿಗೂ ಕೇಳುಸ್ಬೇಕು!"

ಮೈಯೆಲ್ಲಾ ಹಿಟ್ಟು, ಹಿಟ್ಟಿನ ಮೇಲೆ ಬೆವರು. ತಕ್ಕಡಿಯ ಪಕ್ಕದ ಕುರ್ಚಿಯಲ್ಲಿ ಕುಸಿದು ಕುಳಿತೆ. ತಲೆಯ ಮೇಲೆ ಫ್ಯಾನೊಂದು ಜೋರಾಗಿ ತಿರುಗುತ್ತಿತ್ತು. ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಎದ್ದು ಸ್ವಿಚ್ಚನ್ನು ಟಪ್ಪೆಂದು ಆರಿಸಿತು.

ಪ್ರಮೀಳಾ ಗ್ರೈಂಡರಿನಿಂದ ತಲೆಯೆತ್ತಲಿಲ್ಲ.

"ಹಾಕ್ಕೊಳ್ರೀ ಫ್ಯಾನ್ನ! ಈ ಮೂರ್ ತಿಂಗ್ಳಲ್ಲಿ ನೀವ್ ದುಡ್ ಕಟ್ಟಿರೋದು ಅದೊಂದೇ ಫ್ಯಾನ್ಗೆ!"